ಆರನೆಯ ವರ್ಷದ ಪ್ರಶ್ನೆ



ಕೊಚ್ಚಿಯ ಕನ್ನಡಿಗರಾದ ನಿಮ್ಮಲ್ಲಿ ಹಲವರು ನೆಟ್ಟೂರಿನ ಕೃಷಿ ಸಗಟು ಮಾರುಕಟ್ಟೆಯನ್ನು ನೋಡಿರುತ್ತೀರಿ. ಒಳಗೆ ಹೋಗಿರಲಾರಿರಿ, ಹೋಗುವ ಕೆಲಸವಿರುವುದಿಲ್ಲ. ತಿರುವನಂತಪುರದ ಆನಯರದಲ್ಲಿ ಅಂಥದೇ ಇನ್ನೊಂದಿದೆ, ಕೋಳಿಕ್ಕೋಡಿನ ವೇಂಗೇರಿಯಲ್ಲಿ ಮತ್ತೊಂದು. ಊರವರ ಬಾಯಲ್ಲಿ ಇವು ‘ವರ್ಲ್ಡ್ ಮಾರ್ಕೆಟ್’. ಕಳೆದ ಶತಮಾನದ ಕೊನೆಯ ದಶಕದಲ್ಲಿ ಯುರೋಪಿನ ಒಕ್ಕೂಟ ಕೊಟ್ಟ ನೆರವಿನಿಂದ ಎದ್ದ ಕಟ್ಟಡಗಳು. ರೈತ ನೇರವಾಗಿ ಇಲ್ಲಿಗೆ ಸರಕು ತರುತ್ತಾನೆ, ವ್ಯಾಪಾರಿ ಇಲ್ಲಿಂದಲೇ ಕೊಳ್ಳುತ್ತಾನೆ ಎಂಬ ಲೆಕ್ಕಾಚಾರ. ಅಂಗಡಿಕೋಣೆ, ಲಾರಿ ನಿಲ್ಲುವ ಅಂಗಳ, ಗೋದಾಮು ಎಲ್ಲವೂ ಆಯಿತು. ಆದರೆ ನೆಟ್ಟೂರಿನ ಪ್ರಾಂಗಣ ಬಹುಕಾಲ ಬಿಕೋ ಎನ್ನುತ್ತಲೇ ಇತ್ತು. ಎರ್ನಾಕುಳಂ ಪೇಟೆಯ ವ್ಯಾಪಾರಿ ತನ್ನ ಹಳೆಯ ಜಾಗ ಬಿಟ್ಟು ಬರಲಿಲ್ಲ. ಅವನಿಲ್ಲದ ಕಡೆಗೆ ರೈತನೂ ಬರಲಿಲ್ಲ.

ಅದೇ ದಶಕದಲ್ಲಿ, ಅದೇ ಯುರೋಪಿನ ದುಡ್ಡಿನಿಂದ ಇದೇ ಕೇರಳದಲ್ಲಿ ಇನ್ನೊಂದು ಕೆಲಸವೂ ನಡೆಯಿತು. 1993ರಲ್ಲಿ ಶುರುವಾದ ಕೇರಳ ತೋಟಗಾರಿಕಾ ಅಭಿವೃದ್ಧಿ ಕಾರ್ಯಕ್ರಮ ಕಟ್ಟಡ ಕಟ್ಟುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಬಾಳೆ, ತರಕಾರಿ ಬೆಳೆಯುವ ಅಕ್ಕಪಕ್ಕದ ಹದಿನೈದು ಇಪ್ಪತ್ತು ಮಂದಿಯನ್ನು ಸೇರಿಸಿ ಒಂದು ಗುಂಪು ಮಾಡಿತು. ಗುಂಪಿನವರೇ ತಮ್ಮೊಳಗಿನಿಂದ ಮೂವರನ್ನು ಆರಿಸಬೇಕು: ಬೆಳೆಯ ವಿಷಯ ನೋಡಿಕೊಳ್ಳುವವನೊಬ್ಬ, ಸಾಲದ ವಿಷಯಕ್ಕೊಬ್ಬ, ಮಾರಾಟಕ್ಕೊಬ್ಬ. ಅಂಥ ಹಲವು ಗುಂಪುಗಳು ಸೇರಿ ‘ಸ್ವಾಶ್ರಯ ಕರ್ಷಕ ಸಮಿತಿ’ ಎಂಬ ಹೆಸರಿನಲ್ಲಿ ತಮ್ಮೂರಿನಲ್ಲೇ ಸಂತೆ ಹೂಡಿದವು. ಗೊತ್ತಾದ ದಿನ ರೈತರೆಲ್ಲ ನೇಂದ್ರ ಬಾಳೆಯ ಗೊನೆ, ಹಾಗಲ, ಪಡವಲ, ಅಲಸಂದೆ ತಂದು ಒಂದೇ ಕಡೆ ರಾಶಿ ಹಾಕಿದರು. ತೂಕದ ಯಂತ್ರ ಸಮಿತಿಯದು. ಸರಕು ಒಟ್ಟಾಗಿ ಸಿಗುತ್ತದೆಂದು ವ್ಯಾಪಾರಿಯೇ ಅಲ್ಲಿಗೆ ಬಂದ. ಯುರೋಪಿನವರು ಹೋದ ಮೇಲೆ, 2001ರಲ್ಲಿ, ಇದೇ ಕಾರ್ಯಕ್ರಮ ಕೇರಳ ತರಕಾರಿ ಮತ್ತು ಹಣ್ಣು ಉತ್ತೇಜನ ಮಂಡಳಿಯಾಯಿತು. ಅದರ ಮುಖ್ಯ ಕಚೇರಿ ಇಲ್ಲೇ, ನಿಮ್ಮ ಕಾಕ್ಕನಾಡಿನಲ್ಲಿದೆ. ಲಾಭ ಹಂಚದ ಕಂಪನಿಯಾಗಿ ಅದನ್ನು ನೋಂದಾಯಿಸಿದರು. ಷೇರಿನಲ್ಲಿ ಅರ್ಧ ರೈತ ಗುಂಪುಗಳದ್ದು, ಒಂದು ಪಾಲು ಸರ್ಕಾರದ್ದು, ಉಳಿದದ್ದು ಹಣಕಾಸು ಸಂಸ್ಥೆಗಳದ್ದು. ಆ ಸಂತೆಗಳು ಇಂದಿಗೂ ನಡೆಯುತ್ತಿವೆ. ರಾಜ್ಯದಲ್ಲಿ ಇನ್ನೂರಕ್ಕೂ ಮೀರಿ ಇವೆ.

ಇಂದಿನ ವಿಷಯ ‘ಯುವ ಕೃಷಿಕರಿಗೆ ವಿಸ್ತರಣಾ ಸೇವೆ ಮತ್ತು ಅದರ ಬಾಳಿಕೆ’. ಬಾಳಿಕೆಯ ಮಾತನ್ನು ನಾನು ಈ ಎರಡು ಉದಾಹರಣೆಗಳ ನಡುವೆ ಇಟ್ಟು ನೋಡುತ್ತೇನೆ. ನಾನು ಇಲಾಖೆಯವನಲ್ಲ. ಕಾಸರಗೋಡಿನ ಕಡೆಯ ಅಡಿಕೆ ತೋಟಗಳ ನಡುವೆ ಓಡಾಡಿಕೊಂಡು ಕೃಷಿಯ ಬಗ್ಗೆ ಬರೆಯುವವನು. ಹಾಗಾಗಿ ತೋಟದ ಕಾಲಗಣನೆಯಲ್ಲೇ ಹೇಳುತ್ತೇನೆ. ಅಡಿಕೆ ಸಸಿ ನೆಟ್ಟರೆ ಹಿಂಗಾರ ಕಾಣಲು ಐದು ವರ್ಷ ಬೇಕು. ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ. ನಮ್ಮ ಸರ್ಕಾರಗಳ, ವಿಶ್ವಬ್ಯಾಂಕಿನ, ವಿದೇಶಿ ನೆರವಿನ ಯೋಜನೆಗಳ ಆಯುಸ್ಸು ಹೆಚ್ಚೆಂದರೆ ಐದು ಅಥವಾ ಆರು. ಇಪ್ಪತ್ತೆರಡರ ಹರೆಯದಲ್ಲಿ ಹುಡುಗನೊಬ್ಬ ಯೋಜನೆಯ ಮಾತು ನಂಬಿ ಸಸಿ ನೆಟ್ಟನೆನ್ನಿ. ಮೊದಲ ಕೊಯ್ಲಿನ ಹೊತ್ತಿಗೆ ಯೋಜನೆಯ ಫಲಕದ ಬಣ್ಣ ಉದುರಿರುತ್ತದೆ, ಸಲಹೆ ಕೊಟ್ಟವರು ವರ್ಗವಾಗಿರುತ್ತಾರೆ. ಕೊಳೆರೋಗ ಬರುವುದು, ಎಲೆಚುಕ್ಕಿ ಕಾಣುವುದು, ಧಾರಣೆ ಬೀಳುವುದು ಎಲ್ಲ ಆಮೇಲೆಯೇ. ಆರನೆಯ ವರ್ಷ ಅವನ ತೋಟಕ್ಕೆ ಬರುವವರ ಸಂಬಳ ಯಾರು ಕೊಡುತ್ತಾರೆ? ವಿಸ್ತರಣೆಯ ಬಗ್ಗೆ ನೂರಾರು ಪುಟಗಳ ವರದಿಗಳಿವೆ. ಅವುಗಳಲ್ಲಿ ಈ ಒಂದು ಪ್ರಶ್ನೆಗೆ ಮೀಸಲಾದ ಜಾಗ ಬಹಳ ಕಡಿಮೆ.

ಪ್ರಶ್ನೆ ಹೊಸತೇನಲ್ಲ. ತಿರುವನಂತಪುರದಿಂದ ದಕ್ಷಿಣಕ್ಕೆ, ಆಗ ತಿರುವಾಂಕೂರಿಗೆ ಸೇರಿದ್ದ, ಈಗ ತಮಿಳುನಾಡಿನಲ್ಲಿರುವ ಮಾರ್ತಾಂಡಂನಲ್ಲಿ 1921ರಲ್ಲಿ ವೈಎಂಸಿಎ ಒಂದು ಗ್ರಾಮ ಪುನರ್ರಚನಾ ಕೇಂದ್ರ ತೆರೆಯಿತು. ನಡೆಸಿದವರು ಸ್ಪೆನ್ಸರ್ ಹ್ಯಾಚ್ ಎಂಬ ಅಮೆರಿಕನ್. ಕೋಳಿ, ಬೆಲ್ಲ, ನೇಯ್ಗೆ ಎಂದು ಹಲವನ್ನು ಪ್ರಯತ್ನಿಸಿದರು. ಅವುಗಳಲ್ಲಿ ಇಂದಿಗೂ ಊರಿನ ಹೆಸರಿಗೆ ಅಂಟಿಕೊಂಡಿರುವುದು ಜೇನು. ಜೇನುಪೆಟ್ಟಿಗೆ ಊರ ಬಡಗಿ ಮಾಡಬಲ್ಲ ವಸ್ತು. ಜೇನಿಗೆ ಜಮೀನು ಬೇಡ. ತುಪ್ಪ ಮಾರಲು ಜೇನು ಸಾಕುವವರದೇ ಸಹಕಾರ ಸಂಘ ಹುಟ್ಟಿತು. ಹ್ಯಾಚ್ ಊರು ಬಿಟ್ಟು ಎಷ್ಟೋ ದಶಕಗಳಾದರೂ ಮಾರ್ತಾಂಡಂ ಜೇನು ಮಾರಾಟವಾಗುತ್ತಲೇ ಇದೆ.

ಸ್ವಾತಂತ್ರ್ಯದ ನಂತರ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಬಂತು, ಅದರ ಜೊತೆ ಗ್ರಾಮಸೇವಕರು ಬಂದರು. ನಮ್ಮ ಅಜ್ಜಂದಿರು ಸೈಕಲ್ಲಿನ ಗ್ರಾಮಸೇವಕರನ್ನು ಕಂಡವರು. ಗೊಬ್ಬರವೂ ಅವರದೇ, ಕಕ್ಕಸುಗುಂಡಿಯೂ ಅವರದೇ, ಕುಟುಂಬ ಯೋಜನೆಯೂ ಅವರದೇ. ಎಪ್ಪತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಡೇನಿಯಲ್ ಬೆನೋರ್ ಇದೆಲ್ಲ ಗೊಂದಲವೆಂದು ಹೇಳಿ ‘ತರಬೇತಿ ಮತ್ತು ಭೇಟಿ’ ಪದ್ಧತಿ ತಂದರು. ಹದಿನೈದು ದಿನಕ್ಕೊಂದು ಭೇಟಿ, ಗೊತ್ತಾದ ದಿನ, ಗೊತ್ತಾದ ರೈತ, ಕೃಷಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಶಿಸ್ತು ಬಂತು, ನಿಜ. ಆದರೆ ಸಾವಿರಾರು ಹೊಸ ಹುದ್ದೆಗಳನ್ನು ಸಾಲದ ಹಣದಿಂದ ತುಂಬಿದ್ದರು. ಸಾಲ ಮುಗಿದ ಮೇಲೆ ಆ ಸಂಬಳದ ಭಾರ ರಾಜ್ಯಗಳ ಹೆಗಲಿಗೆ ಬಿತ್ತು. ತೊಂಬತ್ತರ ದಶಕದಲ್ಲಿ ಏಷ್ಯಾ, ಆಫ್ರಿಕಾದ ದೇಶಗಳು ಒಂದರ ಹಿಂದೆ ಒಂದರಂತೆ ಆ ಪದ್ಧತಿಯನ್ನು ಕೈಬಿಟ್ಟವು.

ಕೇರಳ ಬೇರೆಯದೇ ದಾರಿ ಹಿಡಿಯಿತು. 1987ರಲ್ಲಿ, ವಿ. ವಿ. ರಾಘವನ್ ಕೃಷಿ ಮಂತ್ರಿಯಾಗಿದ್ದಾಗ, ಪಂಚಾಯತಿಗೊಂದು ಕೃಷಿಭವನ ತೆರೆದರು. ಕೃಷಿ ಪದವಿ ಪಡೆದ ಒಬ್ಬ ಅಧಿಕಾರಿ, ಜೊತೆಗೆ ಕೃಷಿ ಸಹಾಯಕರು. ಕರ್ನಾಟಕದಲ್ಲಿ ರೈತ ಸಂಪರ್ಕ ಕೇಂದ್ರ ಇರುವುದು ಹೋಬಳಿಗೊಂದು, ಅಂದರೆ ಹಲವು ಪಂಚಾಯತಿಗಳಿಗೆ ಸೇರಿ ಒಂದೇ. ಈ ವಿಷಯದಲ್ಲಿ ನಾವು ಗಡಿನಾಡಿನವರು ಅದೃಷ್ಟವಂತರು. ಪುತ್ತೂರು ಕಡೆಯ ನೆಂಟರಿಗೆ ಇದನ್ನು ಹೇಳಿದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. 1996ರ ಆಗಸ್ಟ್‌ನಲ್ಲಿ, ಮಲಯಾಳದ ಚಿಂಗಂ ತಿಂಗಳು ಹುಟ್ಟುವಾಗ, ಜನಕೀಯ ಯೋಜನಾ ಆಂದೋಲನ ಶುರುವಾಯಿತು. ಕೃಷಿಭವನ ಪಂಚಾಯತಿಯ ಕೈಗೆ ಬಂತು, ಯೋಜನೆಯ ಹಣವೂ ಬಂತು. ಸಂಬಳ ತಿರುವನಂತಪುರದ ವಿಕಾಸ್ ಭವನದಿಂದ, ಕೆಲಸ ಪಂಚಾಯತಿಯಿಂದ. ಆರನೆಯ ವರ್ಷದ ಪ್ರಶ್ನೆಗೆ ಇಡೀ ದೇಶದಲ್ಲಿ ಸಿಕ್ಕ ಗಟ್ಟಿ ಉತ್ತರಗಳಲ್ಲಿ ಇದೊಂದು ಎಂದು ನನಗನ್ನಿಸುತ್ತದೆ. ಯಾವ ಸರ್ಕಾರ ಬಂದರೂ ಹೋದರೂ ಕೃಷಿಭವನದ ಬಾಗಿಲು ಮುಚ್ಚಲಿಲ್ಲ.

ಬಾಗಿಲು ತೆರೆದಿದೆ, ಆದರೆ ಒಳಗೆ ಕೂತವರಿಗೆ ಹೊರಗೆ ಬರಲು ಪುರುಸೊತ್ತಿಲ್ಲ. ಕೃಷಿ ಅಧಿಕಾರಿಯ ಮೇಜಿನ ಮೇಲೆ ಏನೇನಿದೆ ನೋಡಿ. ಸಬ್ಸಿಡಿ ಅರ್ಜಿಗಳು, ಪಿಎಂ ಕಿಸಾನ್ ಪರಿಶೀಲನೆ, ಮಳೆಗಾಳಿಗೆ ಬಿದ್ದ ಬಾಳೆಯ ಲೆಕ್ಕ, ವಿಮೆಯ ಕಾಗದ, ಪಂಚಾಯತಿ ಸಭೆಯ ನಡಾವಳಿ. ಇವೆಲ್ಲಕ್ಕಿಂತ ಭಾರದ್ದು ಇನ್ನೊಂದು ಕಡತ. 2008ರ ನೆಲ್ಲುಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಒಂದು ಸ್ಥಳೀಯ ಸಮಿತಿಯಿದೆ, ಕೃಷಿ ಅಧಿಕಾರಿ ಅದರ ಸಂಚಾಲಕರು. ಯಾವ ಗದ್ದೆ ದಾಖಲೆಯ ಪಟ್ಟಿಯಲ್ಲಿ ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಎಂಬುದಕ್ಕೆ ಅವರ ವರದಿ ಬೇಕು. ಎರ್ನಾಕುಳಂ ಜಿಲ್ಲೆಯಲ್ಲಿ ಒಂದು ಸೆಂಟ್ ಜಾಗದ ಬೆಲೆ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೆಲ್ಲಿನ ಸಲಹೆ ಕೊಡಬೇಕಾದವರು ನೆಲ್ಲಿನ ಗದ್ದೆ ಗದ್ದೆಯೇ ಹೌದೋ ಅಲ್ಲವೋ ಎಂದು ಬರೆಯುವುದರಲ್ಲಿ ದಿನ ಕಳೆಯುತ್ತಾರೆ. ಕಾಯಿದೆ ತಪ್ಪು ಎನ್ನುತ್ತಿಲ್ಲ. 1974-75ರಲ್ಲಿ ಕೇರಳದಲ್ಲಿ 8.8 ಲಕ್ಷ ಹೆಕ್ಟೇರ್ ನೆಲ್ಲು ಇತ್ತು, ಈಗ ಅದರ ಕಾಲುಭಾಗದಷ್ಟೂ ಉಳಿದಿಲ್ಲ. ಆ ಕಾಯಿದೆ ಬೇಕಾಗಿತ್ತು. ಆದರೆ ಕಾವಲುಗಾರನ ಕೆಲಸವನ್ನೂ ಗೆಳೆಯನ ಕೆಲಸವನ್ನೂ ಒಬ್ಬರಿಗೇ ವಹಿಸಿದರೆ ಎರಡನೆಯದು ಸೊರಗುತ್ತದೆ. ಪಟ್ಟಿಯ ಕಡತ ಹಿಡಿದು ಬಂದ ಅಧಿಕಾರಿಯನ್ನು ಕಂಡರೆ ಹುಡುಗರು ಮಾತು ನಿಲ್ಲಿಸುತ್ತಾರೆ.

ಇಲ್ಲಿಯ ಉಪ್ಪುನೀರಿನ ಗದ್ದೆಯ ನೆಲ್ಲು, ಪೊಕ್ಕಾಳಿಯನ್ನೇ ತೆಗೆದುಕೊಳ್ಳಿ. ಮೆಟ್ರೊ ನಿಲ್ದಾಣ, ಬಸ್ಸಿನ ಹಬ್ ಎಂದು ನೀವು ದಿನಾ ಹಾದುಹೋಗುವ ವೈಟ್ಟಿಲದಲ್ಲಿ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. 1934ರಿಂದ ಉಪ್ಪುನೀರಿನ ಗದ್ದೆಗೆ ತಳಿ ಕೊಡುತ್ತ ಬಂದಿದೆ; ‘ವೈಟ್ಟಿಲ’ ಹೆಸರಿನ ತಳಿಗಳ ಸಾಲೇ ಇದೆ. ಪೊಕ್ಕಾಳಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಮಳೆಗಾಲದಲ್ಲಿ ನೆಲ್ಲು, ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಸಿಗಡಿ. ಗೊಬ್ಬರವಿಲ್ಲ, ಕೀಟನಾಶಕವಿಲ್ಲ. ಹೇಳಲು ಚಂದ. ಆದರೆ ಸಿಗಡಿಗೆ ಸಿಗುವ ಗೇಣಿಯ ಹಣ ನೆಲ್ಲಿಗೆ ಸಿಗುವುದಿಲ್ಲ. ಹಾಗಾಗಿ ಉಪ್ಪುನೀರನ್ನು ಹೊತ್ತಿಗೆ ಸರಿಯಾಗಿ ಹೊರಬಿಡಲು ಗದ್ದೆ ಹಿಡಿದವರಿಗೆ ಮನಸ್ಸಿಲ್ಲ. ಸೊಂಟದ ಮಟ್ಟದ ಕೆಸರಿನಲ್ಲಿ ಕೊಯ್ಲು ಮಾಡುವ ಕೈಗಳಿಲ್ಲ, ಯಂತ್ರ ಇಳಿಯುವ ನೆಲ ಅದಲ್ಲ. ಕಡಮಕ್ಕುಡಿಯ, ಏಳಿಕ್ಕರದ ಹುಡುಗನಿಗೆ ತಳಿಯ ಕೊರತೆ ಇಲ್ಲ, ತಿಳಿವಳಿಕೆಯ ಕೊರತೆಯಂತೂ ಇಲ್ಲವೇ ಇಲ್ಲ. ತೂಬು ಯಾವ ದಿನ ತೆರೆಯಬೇಕೆಂದು ನೆರೆಯವನ ಜೊತೆ ಒಪ್ಪಂದ ಮಾಡಿಸುವವರ ಕೊರತೆ ಇದೆ. ಅದೂ ವಿಸ್ತರಣೆಯ ಕೆಲಸವೇ, ಬಹುಶಃ ಅದೇ ಹೆಚ್ಚು. ನಮ್ಮ ಕೃಷಿ ಕಾಲೇಜುಗಳು ಅದನ್ನು ಕಲಿಸುವುದಕ್ಕಿಂತ ರಸಗೊಬ್ಬರದ ಪ್ರಮಾಣವನ್ನು ಕಲಿಸುವುದರಲ್ಲೇ ಹೆಚ್ಚು ಪಳಗಿವೆ.

ಈಗ ಯುವಕರ ವಿಷಯಕ್ಕೆ ನೇರವಾಗಿ ಬರುತ್ತೇನೆ. ಕೇರಳದಲ್ಲಿ ಸರಾಸರಿ ಹಿಡುವಳಿ 0.18 ಹೆಕ್ಟೇರ್, ಅಂದರೆ ಸುಮಾರು ನಲವತ್ತೈದು ಸೆಂಟ್. ಅದೂ ಅಪ್ಪನ ಹೆಸರಿನಲ್ಲಿ. ಮಗನಿಗೆ ಗಂಭೀರವಾಗಿ ಬೆಳೆ ಮಾಡಬೇಕಿದ್ದರೆ ಬೇರೆಯವರ ಜಾಗ ಗೇಣಿಗೆ ಹಿಡಿಯಬೇಕು. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವವರ ಜಾಗ ಬೇಕಾದಷ್ಟು ಪಾಳು ಬಿದ್ದಿದೆ. ಆದರೆ 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಯನ್ನೇ ಅಳಿಸಿಹಾಕಿತು. ಅದು ದೊಡ್ಡ ನ್ಯಾಯ. ನಮ್ಮ ಕಡೆ ಎಷ್ಟೋ ಮನೆಗಳು ಆ ಕಾಯಿದೆಯಿಂದ ಬದುಕಿದವು. ಅದರ ನೆರಳಿನಲ್ಲಿ ಇಂದು ಗೇಣಿಗೆ ಹಿಡಿಯುವ ಹುಡುಗ ಬಾಯಿಮಾತಿನ ಮೇಲೆ ನಿಂತಿದ್ದಾನೆ. ಅವನ ಕೈಯಲ್ಲಿ ಭೂಕರದ ರಸೀದಿಯಿಲ್ಲ. ರಸೀದಿಯಿಲ್ಲದೆ ಅವನು ಕೃಷಿಭವನದ ಕಣ್ಣಿಗೆ ರೈತನಲ್ಲ, ಬ್ಯಾಂಕಿನ ಕಣ್ಣಿಗೂ ಅಲ್ಲ. ವರ್ಷಕ್ಕೆ ಆರು ಸಾವಿರದ ಪಿಎಂ ಕಿಸಾನ್ ಹಣ ಜಾಗದ ಒಡೆಯನಿಗೆ ಹೋಗುತ್ತದೆ. ಅವನು ಬೆಂಗಳೂರಿನಲ್ಲಿ ಕೂತು ತೋಟದ ಫೋಟೋ ಕೇಳುತ್ತಾನೆ.

ನಾನು ಕಾಕ್ಕನಾಡಿನ ಮಂಡಳಿಯ ಮಾತನ್ನು ಮೊದಲೇ ಎತ್ತಿದ್ದು ಇದಕ್ಕಾಗಿಯೇ. ಆ ಕಾರ್ಯಕ್ರಮ ಮೊದಲಿನಿಂದಲೂ ಗೇಣಿಗೆ ಹಿಡಿದು ನೇಂದ್ರ ಬೆಳೆಯುವವನನ್ನು ರೈತನೆಂದು ಒಪ್ಪಿತು. ಜಾಗದ ದಾಖಲೆಯ ಬದಲು ಗುಂಪಿನ ಮಾತಿನ ಮೇಲೆ ಬ್ಯಾಂಕ್ ಸಾಲ ಕೊಡಿಸುವ ದಾರಿ ಹುಡುಕಿತು. ಸಾಲ, ಸಲಹೆ, ಸಂತೆ ಮೂರೂ ಒಂದೇ ಗುಂಪಿನೊಳಗೆ ಇದ್ದುದರಿಂದ ಸಲಹೆ ತಪ್ಪಿದರೆ ಅದು ಸಂತೆಯ ದಿನವೇ ಬಯಲಾಗುತ್ತಿತ್ತು. ಗೊನೆಯ ತೂಕದಲ್ಲಿ ಕಾಣುತ್ತಿತ್ತು, ಸಾಲದ ಕಂತಿನಲ್ಲಿ ಕಾಣುತ್ತಿತ್ತು. ಬರೀ ಸಲಹೆಗಾಗಿ ಇರುವ ಕಚೇರಿಗೆ ಈ ಪರೀಕ್ಷೆ ಎಂದೂ ಬರುವುದಿಲ್ಲ. ಮಂಡಳಿಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಅದರ ಸಿಬ್ಬಂದಿಯ ಸಂಬಳ ಇಂದಿಗೂ ಸರ್ಕಾರದ ಅನುದಾನದ ಮುಖ ನೋಡುತ್ತದೆ. 2020ರ ನವೆಂಬರ್ 1ರಂದು ಕೇರಳ ಹದಿನಾರು ತರಕಾರಿ, ಹಣ್ಣುಗಳಿಗೆ ಮೂಲಬೆಲೆ ಘೋಷಿಸಿದಾಗ ದೇಶವೆಲ್ಲ ಮೆಚ್ಚಿತು. ಘೋಷಿಸಿದ ಬೆಲೆಗೆ ಕೊಂಡ ಸರಕಿನ ಹಣ ಹೊತ್ತಿಗೆ ಸರಿಯಾಗಿ ರೈತನ ಕೈ ಸೇರುವುದು ಬೇರೆಯೇ ಮಾತು.

ತೆಂಗಿನ ಕಥೆಯೂ ಕೊಚ್ಚಿಯದೇ. ಇಲ್ಲಿನ ತೆಂಗು ಅಭಿವೃದ್ಧಿ ಮಂಡಳಿ 2011ರ ಆಗಸ್ಟ್‌ನಲ್ಲಿ ‘ತೆಂಗಿನ ಗೆಳೆಯರ ಕೂಟ’ ಎಂಬ ತರಬೇತಿ ಶುರುಮಾಡಿತು. ಮರ ಹತ್ತುವ ಯಂತ್ರದಲ್ಲಿ ಆರು ದಿನದ ತರಬೇತಿ, ಯಂತ್ರವೊಂದು ಕೈಗೆ, ಅಪಘಾತ ವಿಮೆ. ಹುಡುಗರು ಬಂದರು, ಹುಡುಗಿಯರೂ ಬಂದರು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ನನಗೆ ಈ ಕಾರ್ಯಕ್ರಮ ಇಷ್ಟವಾದದ್ದು ಒಂದು ಕಾರಣಕ್ಕೆ: ಅದು ಯುವಕನನ್ನು ಉಪದೇಶ ಕೇಳುವವನೆಂದು ನೋಡಲಿಲ್ಲ, ದುಡಿಮೆಗೆ ಬೆಲೆಯಿರುವ ಕಸಬುದಾರನೆಂದು ನೋಡಿತು. ಮರ ಹತ್ತಿದವನಿಗೆ ಸುಳಿಯ ರೋಗ, ಕುರುವಾಯಿ ಹುಳು ಎಲ್ಲ ಮೊದಲು ಕಾಣುತ್ತದೆ. ಕೆಳಗೆ ನಿಂತ ಅಧಿಕಾರಿಗೆ ಕಾಣುವುದಿಲ್ಲ. ಕಲಿತವರಲ್ಲಿ ಹಲವರು ಕೆಲಸ ಬಿಟ್ಟದ್ದೂ ನಿಜ. ಇವತ್ತು ಹತ್ತು ಮರ, ನಾಳೆ ಇಲ್ಲ, ನಾಡಿದ್ದು ಮಳೆ ಎಂದಾದರೆ ಯಾರು ಕಾಯುತ್ತಾರೆ? ಕರೆಗಳನ್ನು ಕೂಡಿಸಿಕೊಡುವ ಒಂದು ದೂರವಾಣಿ ಕೇಂದ್ರ ಮಂಡಳಿಯಿಂದ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ತರಬೇತಿಯ ಮೊದಲ ದಿನವೇ ಅದಿರಬೇಕಿತ್ತು.

ಕರ್ನಾಟಕದವರು ನಗುವ ಹಾಗಿಲ್ಲ. 2009ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಜೊತೆ ಸೇರಿ ಕರ್ನಾಟಕ ಸರ್ಕಾರ ನಡೆಸಿದ ‘ಭೂಚೇತನ’ ನಿಜಕ್ಕೂ ಒಳ್ಳೆಯ ಕೆಲಸ. ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷೆ ಮಾಡಿ ಸತು, ಬೋರಾನ್‌ಗಳ ಕೊರತೆ ತೋರಿಸಿಕೊಟ್ಟರು. ಅದನ್ನು ಹೊಲದವರೆಗೆ ಮುಟ್ಟಿಸಿದವರು ಹಳ್ಳಿಯ ಓದಿದ ಹುಡುಗರು, ‘ರೈತ ಅನುವುಗಾರರು’. ಗೌರವಧನಕ್ಕೆ ದುಡಿದವರು. ತಮ್ಮ ಊರಿನ ಹೊಲಗಳನ್ನು ಬಲ್ಲವರು. ಯೋಜನೆಯ ಕಾವು ಆರಿದ ಹಾಗೆ ಅವರ ಕೆಲಸವೂ ಹೋಯಿತು. ಮುಂದುವರಿಸಿ ಎಂದು ಬೀದಿಗಿಳಿದು ಕೇಳಬೇಕಾಯಿತು. ಅವರು ಕಲಿತದ್ದು ಎಲ್ಲಿಗೆ ಹೋಯಿತು? ಕೆಲವರು ಗೊಬ್ಬರ, ಔಷಧಿಯ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದಾರೆ. ಇಂದು ರೈತ ಸಲಹೆ ಕೇಳುವುದು ಅಲ್ಲಿಯೇ. 2012-13ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಕೃಷಿ ಕುಟುಂಬಗಳಲ್ಲಿ ಸುಮಾರು ನೂರಕ್ಕೆ 59 ತಮಗೆ ಯಾವ ತಾಂತ್ರಿಕ ಸಲಹೆಯೂ ಸಿಗಲಿಲ್ಲ ಎಂದಿದ್ದವು. ಅನುವುಗಾರರಂಥ ಜಾಲವೊಂದನ್ನು ಕಟ್ಟಿ ಕೈಬಿಟ್ಟದ್ದು ಇಂಥ ದೇಶದಲ್ಲಿ.

ಗಡಿನಾಡಿನ ಒಂದು ಮಾತನ್ನು ಈ ಸಭೆಯಲ್ಲಿ ಹೇಳದಿದ್ದರೆ ಊರಿಗೆ ಹೋದಾಗ ಬೈಗುಳ ತಿನ್ನಬೇಕಾಗುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಕೃಷಿಕರಿಗೆ ರಾಜಧಾನಿ ಐನೂರು ಕಿಲೋಮೀಟರಿಗೂ ದೂರ. ಅಲ್ಲಿಂದ ಬರುವ ಸುತ್ತೋಲೆ, ಅರ್ಜಿ, ಆ್ಯಪ್ ಎಲ್ಲ ಮಲಯಾಳದಲ್ಲಿ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡ, ತಮಿಳು ಭಾಷಿಕರಿಗೆ ಸ್ವಂತ ಭಾಷೆಯಲ್ಲಿ ಸರ್ಕಾರದೊಂದಿಗೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದರೂ ಕನ್ನಡ ಬಾರದ ಕೃಷಿ ಅಧಿಕಾರಿ ಬಂದ ವರ್ಷ, ಐವತ್ತು ದಾಟಿದವರು ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಕೃಷಿಭವನಕ್ಕೆ ಹೋಗುತ್ತಾರೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೆನ್ನಿ, ಎಳೆಯರಿಗೆ ಆ ಕಚೇರಿಯ ಮೆಟ್ಟಿಲು ಪರಿಚಯವಾಯಿತು.

ಈ ಅಂತರವನ್ನು ನಮ್ಮ ಕಡೆ ಇಲಾಖೆಗಿಂತ ಮೊದಲು ತುಂಬಿದ್ದು ಒಂದು ಪತ್ರಿಕೆ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಅದನ್ನು ಕಟ್ಟಿ ಬೆಳೆಸಿದ ಶ್ರೀ ಪಡ್ರೆಯವರು ಕಾಸರಗೋಡು ಜಿಲ್ಲೆಯ ವಾಣಿನಗರದವರು, ಸ್ವತಃ ಕೃಷಿಕರು. ವಿಜ್ಞಾನಿ ಬರೆದದ್ದನ್ನು ಕೃಷಿಕ ಓದುವುದು ವಾಡಿಕೆ. ಇಲ್ಲಿ ಕೃಷಿಕನೇ ಬರೆಯಬೇಕು. ಬರೆಯಲು ಬಾರದಿದ್ದರೆ ಕಲಿಸಿದರು, ಶಿಬಿರ ನಡೆಸಿದರು. ಮಳೆಕೊಯ್ಲು, ಹಲಸು ಇವೆಲ್ಲ ಸರ್ಕಾರಿ ಕಾರ್ಯಕ್ರಮಗಳಾಗುವ ಎಷ್ಟೋ ಮೊದಲೇ ಆ ಪುಟಗಳಲ್ಲಿ ಚರ್ಚೆಯಾದವು. ಕೇರಳ ಹಲಸನ್ನು ರಾಜ್ಯಫಲವೆಂದು ಘೋಷಿಸಿದ್ದು 2018ರಲ್ಲಿ. ಪತ್ರಿಕೆ ನಿಂತಿರುವುದು ಚಂದಾದಾರರ ಹಣದ ಮೇಲೆ. ಅಡಿಕೆ ಧಾರಣೆ ಕುಸಿದಾಗಲೂ ಚಂದಾ ಕಟ್ಟಿದವರಿದ್ದಾರೆ. ಹಾಗೆಯೇ 1973ರ ಕ್ಯಾಂಪ್ಕೊ. ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸಹಕಾರಿಯೊಳಗೆ ತಂದ ವಾರಣಾಶಿ ಸುಬ್ರಾಯ ಭಟ್ಟರಿಗೆ ಗೊತ್ತಿತ್ತು, ಧಾರಣೆ ನಿಲ್ಲದಿದ್ದರೆ ತಿಳಿವಳಿಕೆ ನಿಲ್ಲುವುದಿಲ್ಲವೆಂದು. ಇಂದು ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಲ್ಲೇ ನಿಂತು ಬೋರ್ಡೋ ಸಿಂಪಡಿಸುವ ಹುಡುಗರ ತಂಡಗಳು ನಮ್ಮ ಕಡೆ ಕಾಣಸಿಗುತ್ತವೆ. ಅವರಿಗೆ ಕಲಿಸಿದವರು ಬಹುಪಾಲು ಮತ್ತೊಬ್ಬ ದೋಟಿಯವರೇ.

ಫೋನಿನ ಬಗ್ಗೆಯೂ ಎರಡು ಮಾತು. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂದಾಗ, ಈಚೆಗೆ ಕೇರಳದ ‘ಕದಿರ್’ ಆ್ಯಪ್ ಬಂದಾಗ, ಇನ್ನು ಮನುಷ್ಯ ಬೇಡ ಎಂಬಂತೆ ಮಾತಾಡಿದವರಿದ್ದರು. ಹವಾಮಾನ ತಿಳಿಯಲು, ಬೆಲೆ ನೋಡಲು ಫೋನ್ ಸಾಕು. ಪಕ್ಕದವನ ತೋಟದ ರೋಗ ನನ್ನ ತೋಟಕ್ಕೆ ಬಾರದಂತೆ ಇಬ್ಬರೂ ಒಂದೇ ವಾರ ಔಷಧಿ ಹೊಡೆಯಬೇಕೆಂದು ಒಪ್ಪಿಸಲು ಫೋನಿಗೆ ಆಗುವುದಿಲ್ಲ.

2024ರಲ್ಲಿ ವಿಶ್ವಬ್ಯಾಂಕ್ ಕೇರಳದ ಕೃಷಿಗೆ 20 ಕೋಟಿ ಡಾಲರ್ ಮಂಜೂರು ಮಾಡಿದೆ. ಹವಾಮಾನದ ಹೊಡೆತ ತಡೆಯುವ, ಮಾರಾಟದ ಸರಪಳಿ ಗಟ್ಟಿಮಾಡುವ ಯೋಜನೆ, ‘ಕೇರ’ ಎಂಬ ಹೆಸರು. ಅದು ದಾನವಲ್ಲ, ಸಾಲ. ತೀರಿಸುವವರು ಇಂದು ಇಪ್ಪತ್ತರ ಹರೆಯದಲ್ಲಿರುವವರು. ಹಾಗಾಗಿ ಅವರ ಪರವಾಗಿ ಕೆಲವನ್ನು ಈಗಲೇ ಕೇಳಬೇಕು. ಗೇಣಿಗೆ ಹಿಡಿದವನಿಗೆ ಪಂಚಾಯತಿಯೇ ಒಂದು ಬೆಳೆಗಾರನ ಚೀಟಿ ಕೊಡಲಿ, ಒಡೆಯನ ಹಕ್ಕಿಗೆ ಅದರಿಂದ ಧಕ್ಕೆಯಿಲ್ಲವೆಂದು ಕಾಯಿದೆಯಲ್ಲೇ ಬರೆಯಲಿ. ಅದು ಬಂದರೆ ಪಾಳುಬಿದ್ದ ಜಾಗದ ಒಡೆಯನೂ ಧೈರ್ಯದಿಂದ ಕೊಡುತ್ತಾನೆ. ಗದ್ದೆಯ ದಾಖಲೆಪಟ್ಟಿಯ ಕಡತಗಳನ್ನು ಕಂದಾಯದವರಿಗೆ ಒಪ್ಪಿಸಿ ಕೃಷಿ ಅಧಿಕಾರಿಯನ್ನು ಬಿಡುಗಡೆ ಮಾಡಲಿ. ಯೋಜನೆಯ ಹಣದಲ್ಲಿ ನೇಮಕವಾಗುವ ಪ್ರತಿಯೊಬ್ಬರ ಸಂಬಳ ಯೋಜನೆ ಮುಗಿದ ಮೇಲೆ ಯಾವ ಲೆಕ್ಕದಿಂದ ಬರುತ್ತದೆಂದು ನೇಮಕದ ಆದೇಶದಲ್ಲೇ ಇರಲಿ: ಸಂತೆಯ ಶುಲ್ಕದಿಂದಲೋ, ಪಂಚಾಯತಿಯಿಂದಲೋ, ಸಹಕಾರಿಯಿಂದಲೋ. ಯಾವುದರಿಂದಲೂ ಇಲ್ಲವೆಂದಾದರೆ ಆ ಹುದ್ದೆಯನ್ನು ಸೃಷ್ಟಿಸದಿರುವುದೇ ವಾಸಿ. ಮಂಜೇಶ್ವರ, ಕಾಸರಗೋಡಿನ ಕೃಷಿಭವನಗಳಿಗೆ ಬರುವ ಕಾಗದ ಕನ್ನಡದಲ್ಲೂ ಇರಲಿ; ಅದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಕಾಗಿಲ್ಲ, ತಿರುವನಂತಪುರದಲ್ಲಿ ಒಬ್ಬ ಅನುವಾದಕ ಸಾಕು.